ವಿದೇಶೀ ತಂತ್ರಜ್ಞರ ನೇಮಕ: ಅನುಮತಿ ಯಾರದು, ಹೊಣೆ ಯಾರದು?

ಕೃಷ್ಣರಾಜನಗರದ ಅಕ್ಕಿ ಗಿರಣಿಗೆ ಹೊರದೇಶದ ಕಲರ್ ಸಾರ್ಟರ್ ಯಂತ್ರ ಬಂದಿಳಿದಿದೆ. ಭತ್ತದ ಸುಗ್ಗಿ ಹತ್ತಿರವಾಗಿದೆ. ಬ್ಯಾಂಕಿನ ಬಡ್ಡಿ ಓಡುತ್ತಿದೆ. ಆದರೆ ಯಂತ್ರವನ್ನು ಜೋಡಿಸಿ ಚಾಲನೆಗೊಳಿಸಬೇಕಾದ ತಂತ್ರಜ್ಞ ಮಾತ್ರ ಬಂದಿಲ್ಲ. ಹುಣಸೂರಿನ ಪ್ಲೈವುಡ್ ತಯಾರಕರಿಗೂ ಪಿರಿಯಾಪಟ್ಟಣದ ಸಣ್ಣ ಕೈಗಾರಿಕೆಯವರಿಗೂ ಇಂತಹ ಇಕ್ಕಟ್ಟು ಎದುರಾಗಬಹುದು. ಆಗ ಯಂತ್ರ ಮಾರಿದವರಿಂದ ಬರುವ ಸುಲಭದ ಸಲಹೆ ಒಂದೇ: "ಪ್ರವಾಸಿ ವೀಸಾದಲ್ಲಿ ಕಳುಹಿಸುತ್ತೇವೆ, ವಾರದ ಕೆಲಸ ತಾನೆ." ಈ ಸಲಹೆಗೆ ನಮ್ಮ ವರ್ತಕ ಬಂಧುಗಳು ಕಿವಿಗೊಡದಿರುವುದು ಲೇಸು.

ವಿದೇಶೀಯನನ್ನು ನೇಮಿಸಿಕೊಳ್ಳಲು ಕಾರ್ಮಿಕ ಇಲಾಖೆಯಿಂದಲೋ ಜಿಲ್ಲಾ ಕೈಗಾರಿಕಾ ಕೇಂದ್ರದಿಂದಲೋ ಪರವಾನಗಿ ಪಡೆಯಬೇಕೆಂಬ ಭಾವನೆ ಹಲವರಲ್ಲಿದೆ. ಅಮೆರಿಕದಲ್ಲಿ ಉದ್ಯೋಗದಾತನೇ ಮೊದಲು ಸರ್ಕಾರಕ್ಕೆ ಅರ್ಜಿ ಸಲ್ಲಿಸುವ ಪದ್ಧತಿಯಿದೆ. ನಮ್ಮಲ್ಲಿ ಹಾಗಿಲ್ಲ, ಉದ್ಯೋಗ ವೀಸಾವೇ ಕೆಲಸದ ಅನುಮತಿ. ಅದಕ್ಕೆ ಅರ್ಜಿ ಹಾಕುವವನು ತಂತ್ರಜ್ಞನೇ; ತನ್ನ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಮೂಲಕ ಅವನು ಅದನ್ನು ಪಡೆಯಬೇಕು. ಹಾಗೆಂದು ಉದ್ಯೋಗದಾತರು ನಿಶ್ಚಿಂತರಾಗಿರುವಂತಿಲ್ಲ. ನೇಮಕದ ಕರಾರು, ಸಂಸ್ಥೆಯ ನೋಂದಣಿ ದಾಖಲೆಗಳು, ಈ ವ್ಯಕ್ತಿಯೇ ಏಕೆ ಬೇಕೆಂಬ ವಿವರಣೆ, ಅವನ ನಡವಳಿಕೆಗೆ ತಾವು ಹೊಣೆಯೆಂಬ ಮುಚ್ಚಳಿಕೆ, ಇವೆಲ್ಲವೂ ಅವರಿಂದಲೇ ಹೋಗಬೇಕು.

ಆದುದರಿಂದ ಮೊದಲು ಇತ್ಯರ್ಥವಾಗಬೇಕಾದುದು ಆತ ಯಾರ ಸಂಬಳದಾಳು, ಯಾವ ಕೆಲಸಕ್ಕಾಗಿ ಬರುತ್ತಾನೆ ಎಂಬ ಪ್ರಶ್ನೆ. ವ್ಯವಹಾರ ವೀಸಾದಲ್ಲಿ ಬಂದು ಯೋಜನೆಗಳಲ್ಲಿ ದುಡಿಯುತ್ತಿದ್ದವರನ್ನು ಕೇಂದ್ರ ಸರ್ಕಾರವು 2009ರಲ್ಲಿ ಹಿಂದಿರುಗಿಸಿದ ಪ್ರಕರಣ ಹಲವರಿಗೆ ನೆನಪಿರಬಹುದು. ಅಂದಿನಿಂದ ಯಂತ್ರ ಜೋಡಣೆಯ ಕೆಲಸಕ್ಕೂ ಉದ್ಯೋಗ ವೀಸಾ ಕೇಳಲಾಗುತ್ತಿತ್ತು. 2020ರ ಗಡಿ ಸಂಘರ್ಷದ ಬಳಿಕ ಚೀನೀ ತಂತ್ರಜ್ಞರ ವೀಸಾಗಳು ತಡವಾಗಿ, ಅಲ್ಲಿಂದ ಯಂತ್ರ ತರಿಸಿದವರು ಬಹಳ ಕಷ್ಟಪಟ್ಟರು. 2025ರ ಆಗಸ್ಟ್ ತಿಂಗಳಲ್ಲಿ ಗೃಹ ಸಚಿವಾಲಯವು ಈ ನಿಯಮವನ್ನು ಬದಲಿಸಿತು. ಸರಬರಾಜು ಒಪ್ಪಂದದ ಅಂಗವಾಗಿ ನಡೆಯುವ ಯಂತ್ರ ಜೋಡಣೆ, ಚಾಲನೆ ಮುಂತಾದ ಕೆಲಸಗಳನ್ನು ಇ-ಬಿ-4 ಎಂಬ ವ್ಯವಹಾರ ವೀಸಾದ ವ್ಯಾಪ್ತಿಗೆ ತರಲಾಯಿತು. ಇದಕ್ಕೆ ಬೇಕಾದ ಪ್ರಾಯೋಜಕ ಪತ್ರವನ್ನು ಯಂತ್ರ ಕೊಂಡ ಸಂಸ್ಥೆಯೇ ರಾಷ್ಟ್ರೀಯ ಏಕಗವಾಕ್ಷಿ ಜಾಲತಾಣದಲ್ಲಿ ಸಿದ್ಧಪಡಿಸಿಕೊಳ್ಳಬಹುದು. ಸಣ್ಣ ಉದ್ಯಮಿಗಳಿಗೆ ಇದು ನಿಜಕ್ಕೂ ಉಪಕಾರ. ಆದರೆ ಜೋಡಣೆಯ ಮಾತು ಖರೀದಿ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಕರಾರಿಗೆ ಸಹಿ ಹಾಕುವ ಹೊತ್ತಿನಲ್ಲೇ ಇದನ್ನು ಬರೆಸಿಕೊಳ್ಳುವುದು ಒಳ್ಳೆಯದು.

ತಮ್ಮದೇ ಸಂಬಳದ ಪಟ್ಟಿಯಲ್ಲಿ ವಿದೇಶೀಯನನ್ನು ಇಟ್ಟುಕೊಳ್ಳುವುದಾದರೆ ಮಾತ್ರ ದಾರಿ ಬೇರೆ. ಆತ ವಿಶೇಷ ಕೌಶಲವುಳ್ಳವನಾಗಿರಬೇಕು. ಅರ್ಹ ಭಾರತೀಯರು ದೊರೆಯುವ ಹುದ್ದೆಗೆ, ಗುಮಾಸ್ತಿಕೆಗೆ ಅಥವಾ ಸಾಮಾನ್ಯ ದುಡಿಮೆಗೆ ಉದ್ಯೋಗ ವೀಸಾ ದೊರೆಯುವುದಿಲ್ಲ. ವಾರ್ಷಿಕ ವೇತನವು 16.25 ಲಕ್ಷ ರೂಪಾಯಿಗಳನ್ನು ಮೀರಬೇಕು. ಭಾಷಾಂತರಕಾರರಿಗೂ ಇಂಗ್ಲಿಷ್ ಹೊರತಾದ ಭಾಷೆಗಳ ಶಿಕ್ಷಕರಿಗೂ ಈ ಮಿತಿ ಅನ್ವಯಿಸದು. ಬಾಡಿಗೆರಹಿತ ಮನೆಯಂತಹ, ಆದಾಯ ತೆರಿಗೆಗೆ ಸೇರುವ ಸೌಲಭ್ಯಗಳನ್ನು ಈ ಲೆಕ್ಕದಲ್ಲಿ ಹಿಡಿಯಬಹುದು; ಆದರೆ ನಗದು ಎಷ್ಟು, ಸೌಲಭ್ಯ ಎಷ್ಟು ಎಂಬುದನ್ನು ಕರಾರಿನಲ್ಲಿ ಬೇರೆಬೇರೆಯಾಗಿ ತೋರಿಸಬೇಕು. ನಮ್ಮ ತಾಲ್ಲೂಕುಗಳ ಬಹುಪಾಲು ಕಾರ್ಖಾನೆಗಳಿಗೆ ಈ ಮೊತ್ತ ಭಾರವೇ ಸರಿ. ಸರಬರಾಜುದಾರರ ತಂತ್ರಜ್ಞನನ್ನು ಕೆಲವು ವಾರ ಕರೆಸಿಕೊಂಡು ನಮ್ಮ ಹುಡುಗರಿಗೆ ಕೆಲಸ ಕಲಿಸುವುದೇ ಹೆಚ್ಚಿನವರಿಗೆ ಲಾಭಕರವೆಂದು ಈ ಲೇಖಕನ ಅಭಿಪ್ರಾಯ.

ನೌಕರ ಬಂದ ಮೇಲೂ ಕೆಲಸ ಮುಗಿಯದು. ವೀಸಾ ಅವಧಿ 180 ದಿನಗಳನ್ನು ಮೀರಿದ್ದರೆ, ಬಂದ 14 ದಿನಗಳೊಳಗೆ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ನೋಂದಣಿಯಾಗಬೇಕು. ತಂಗಿಸಿಕೊಂಡವರು, ವಸತಿಗೃಹವಾಗಲಿ ಮನೆಯಾಗಲಿ, 24 ಗಂಟೆಯೊಳಗೆ ಮಾಹಿತಿ ಸಲ್ಲಿಸಬೇಕು. ಹೆಗ್ಗಡದೇವನಕೋಟೆಯ ಕಬಿನಿ ತೀರದ ರೆಸಾರ್ಟ್‌ಗಳಿಗೆ ಇದು ರೂಢಿ. ಗಿರಣಿಯ ಅತಿಥಿಗೃಹದಲ್ಲಿ ಮಲಗಿಸುವವರು ಮರೆಯುವುದುಂಟು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯನಿಧಿಯ ವಿಚಾರವೂ ಇದೆ. 2008ರಿಂದ ವಿದೇಶೀ ನೌಕರರಿಗೆ ಪೂರ್ಣ ವೇತನದ ಮೇಲೆ ವಂತಿಗೆ ವಿಧಿಸುವ ನಿಯಮವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ಅಸಾಂವಿಧಾನಿಕವೆಂದು ಹೇಳಿದೆ. ಆದರೂ ಲೆಕ್ಕಪರಿಶೋಧಕರನ್ನು ಕೇಳದೆ ವಂತಿಗೆ ನಿಲ್ಲಿಸಬಾರದು.

ಬೈಲಕುಪ್ಪೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಮತ್ತು ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ನಿರಾಶ್ರಿತರು ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರಾದರೂ ಅವರಲ್ಲಿರುವುದು ವೀಸಾ ಅಲ್ಲ, ನೋಂದಣಿ ಪ್ರಮಾಣಪತ್ರ. ಅರ್ಹತೆಗೆ ತಕ್ಕ ಉದ್ಯೋಗಕ್ಕೆ ಅವಕಾಶ ನೀಡಬಹುದೆಂದು 2014ರ ಟಿಬೆಟನ್ ಪುನರ್ವಸತಿ ನೀತಿಯೇ ಹೇಳುತ್ತದೆ. ಪ್ರಮಾಣಪತ್ರದ ಅವಧಿ ನೋಡಿ, ಪ್ರತಿಯನ್ನು ಕಡತದಲ್ಲಿಟ್ಟುಕೊಳ್ಳಬೇಕು. ಆದರೆ ಹೊರದೇಶದಿಂದ ಬಂದ ತಮ್ಮ ತಂತ್ರಜ್ಞನನ್ನು ಬೈಲಕುಪ್ಪೆಯ ಶಿಬಿರದೊಳಗೆ ರಾತ್ರಿ ತಂಗಿಸಬೇಕಾದರೆ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಪ್ರತ್ಯೇಕವಾಗಿ ಬೇಕು. ಕುಶಾಲನಗರದಲ್ಲಿ ಕೊಠಡಿ ಹಿಡಿಯುವುದು ಸರಳ.

1946ರ ವಿದೇಶೀಯರ ಕಾಯಿದೆ ಈಗಿಲ್ಲ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಯಲ್ಲಿದೆ. ವೀಸಾ ಷರತ್ತನ್ನು ಮುರಿದ ವಿದೇಶೀಯನಿಗೆ ಅದರಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಮೂರು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. "ವಾರದ ಕೆಲಸ ತಾನೆ" ಎಂದು ಪ್ರವಾಸಿ ವೀಸಾದಲ್ಲಿ ಕಳುಹಿಸುವ ಸರಬರಾಜುದಾರನ ಪತ್ರಕ್ಕೆ ಉತ್ತರ ಬರೆಯುವಾಗ ಈ ಮಾತನ್ನೂ ಸೇರಿಸಬಹುದು.