ಹಿಮಗಿರಿಯ ಹೂಗೆಡ್ಡೆಗಳೂ ಬೆಂಗಳೂರಿಗೆ ಒಪ್ಪುವ ಮಳೆ ಲಿಲ್ಲಿಯೂ

ಕ್ರೋಕಸ್, ಸಿಲ್ಲಾ, ಟ್ಯೂಲಿಪ್ ಮೊದಲಾದ ವಸಂತಪುಷ್ಪಗಳ ಗೆಡ್ಡೆಗಳನ್ನು ಈಗ ದೂರದೂರುಗಳಿಂದ ತರಿಸಿಕೊಳ್ಳುವುದು ಕಷ್ಟವಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದ್ದು, ಅದರ ಹವೆ ತಂಪೆಂದು ಹೆಸರಾಗಿರುವುದರಿಂದ, ಬೆಟ್ಟದ ಗಿಡಗಳು ಬನಶಂಕರಿ, ಜಯನಗರಗಳ ಅಂಗಳಗಳಲ್ಲಿಯೂ ಕನಕಪುರದ ರಸ್ತೆಯ ತೋಟಗಳಲ್ಲಿಯೂ ತಪ್ಪದೆ ಹೂ ಬಿಡುವುವೆಂದು ಅನೇಕರು ಎಣಿಸುತ್ತಾರೆ. ಈ ಎಣಿಕೆಯಿಂದ ಹಣವು ವ್ಯರ್ಥವಾಗುವುದು.

ಇವುಗಳ ಸ್ವಸ್ಥಾನವು ತುರ್ಕಿ, ಮಧ್ಯ ಏಷ್ಯಾ ಮೊದಲಾದ ದೇಶಗಳ ಗಿರಿಪ್ರದೇಶಗಳು. ಅಲ್ಲಿ ಬೇಸಗೆ ಶುಷ್ಕವಾದುದು. ಚಳಿಗಾಲದಲ್ಲಿ ನೆಲವು ಹಿಮದಿಂದ ಮುಚ್ಚಿರುತ್ತದೆ. ಟ್ಯೂಲಿಪ್ ಗೆಡ್ಡೆಯ ಒಳಗೆ ಹೂವಿನ ಮೊಗ್ಗು ಬೇಸಗೆಯ ವಿಶ್ರಾಂತಿಯಲ್ಲಿಯೇ ರೂಪುಗೊಳ್ಳುತ್ತದೆ. ಆದರೆ ಅದರ ದಂಟು ಉದ್ದವಾಗಿ ಮೇಲೆ ಬರಬೇಕಾದರೆ, ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಾದ ಶೀತವು 12ರಿಂದ 16 ವಾರಗಳ ಕಾಲ ಗೆಡ್ಡೆಗೆ ತಾಗಬೇಕು. ಬೆಂಗಳೂರಿನಲ್ಲಿ ಜನವರಿ ತಿಂಗಳ ರಾತ್ರಿಗಳ ಉಷ್ಣತೆಯು ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿರುವುದು. ಇಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆಯು 7.8 ಡಿಗ್ರಿ, ಅದು 1884ನೆಯ ಇಸವಿ ಜನವರಿ 13ರಂದು. ಅದು ಒಂದು ರಾತ್ರಿಯ ಚಳಿ. ಗೆಡ್ಡೆಯು ಬೇಡುವುದು ಮೂರು ತಿಂಗಳ ಚಳಿಯನ್ನು. ಅದು ದೊರೆಯದಿದ್ದಲ್ಲಿ ಎಲೆಗಳು ಮಾತ್ರ ಬಂದು, ಮೊಗ್ಗು ಒಳಗೇ ಬಾಡಿಹೋಗುವುದು.

ಗೆಡ್ಡೆಗಳನ್ನು ರೆಫ್ರಿಜರೇಟರಿನಲ್ಲಿ ಅಷ್ಟು ಕಾಲ ಇಟ್ಟು ನೆಡುವ ಉಪಾಯವೊಂದುಂಟು. ಹಾಗೆ ಇಡುವಾಗ ಮಾಗುವ ಹಣ್ಣುಗಳನ್ನು ಜೊತೆಯಲ್ಲಿ ಇಡತಕ್ಕದ್ದಲ್ಲ. ಅವುಗಳಿಂದ ಹೊರಡುವ ಅನಿಲವು ಮೊಗ್ಗನ್ನು ಕೆಡಿಸುತ್ತದೆ. ಇಷ್ಟು ಮಾಡಿದರೂ ಹೂ ಒಂದೇ ಸಲ. ಅನಂತರದ ಸೆಕೆಗೆ ಎಲೆಗಳು ಬೇಗನೆ ಒಣಗುವುದರಿಂದ ಮರಿಗೆಡ್ಡೆಗಳು ಬಲಿಯುವುದಿಲ್ಲ. ಮರುವರ್ಷ ಮತ್ತೆ ಕೊಳ್ಳಬೇಕು. ಶ್ರೀನಗರದಲ್ಲಿ 2007ರಲ್ಲಿ ಆರಂಭವಾದ ಟ್ಯೂಲಿಪ್ ತೋಟವನ್ನು ನೋಡಿ ಬಂದವರು ಅಲ್ಲಿಯ ಚಳಿಯನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಸಣ್ಣ ಗೆಡ್ಡೆ, ಸಣ್ಣ ಹೂ, ವಸಂತದ ಶೋಭೆ, ಇವೇ ಬೇಕಾಗಿದ್ದರೆ ಈ ನಾಡಿಗೆ ಮಳೆ ಲಿಲ್ಲಿಯು ತಕ್ಕದ್ದು. ಜೆಫಿರಾಂಥಸ್ ಎಂಬ ಕುಲದ ಈ ಸಸ್ಯಗಳು ಅಮೆರಿಕಾ ಖಂಡದವು. ಗುಲಾಬಿ, ಬಿಳಿ, ಹಳದಿ ಬಣ್ಣದ ಜಾತಿಗಳುಂಟು. ಇವಕ್ಕೆ ಹಿಮವು ಬೇಡ. ಒಣಗಿದ ನೆಲದ ಮೇಲೆ ಒಂದು ಹದಮಳೆ ಬಿದ್ದರೆ ಸಾಕು. ಅಶ್ವಿನಿ, ಭರಣಿ ಮಳೆಗಳು ಬಿದ್ದ ಕೆಲವೇ ದಿನಗಳಲ್ಲಿ ಬರಿಯ ಮಣ್ಣಿನಿಂದ ಮೊಗ್ಗುಗಳು ಏಳುವುದನ್ನು ನೋಡಬಹುದು. ಮಳೆಗೆ ಮುಂಚೆ ಒಂದೆರಡು ವಾರ ನೀರು ನಿಲ್ಲಿಸಿದರೆ ಹೂ ಹೆಚ್ಚು. ದಿನವೂ ನೀರೆರೆಯುವವರಿಗೆ ಎಲೆಯೇ ಹೆಚ್ಚು.

ಗೆಡ್ಡೆಗಳನ್ನು ಬಿಸಿಲು ಬೀಳುವ ಕಡೆ, 1ರಿಂದ 2 ಅಂಗುಲ ಆಳದಲ್ಲಿ, 3 ಅಂಗುಲಕ್ಕೊಂದರಂತೆ ನೆಡಬೇಕು. ನೀರು ನಿಲ್ಲದ ಕೆಂಪು ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದರೆ ಸಾಕು. ಮನೆ ಕಟ್ಟಿದ ನಿವೇಶನಗಳಲ್ಲಿ ಸಿಮೆಂಟು, ಇಟ್ಟಿಗೆಚೂರು ಸೇರಿದ ಮೇಲ್ಮಣ್ಣನ್ನು ಒಂದು ಅಡಿಯಷ್ಟು ತೆಗೆದು ಬೇರೆ ಮಣ್ಣು ತುಂಬುವುದು ಮೇಲು. ಹೂವಾದ ಮೇಲೆ ಎಲೆಗಳನ್ನು ಕತ್ತರಿಸಬಾರದು. ಮುಂದಿನ ಹೂವಿಗೆ ಆಹಾರವು ಅವುಗಳಿಂದಲೇ. ಮೂರು ನಾಲ್ಕು ವರ್ಷಗಳಿಗೊಮ್ಮೆ ಗುಂಪನ್ನು ಕಿತ್ತು ಮರಿಗಳನ್ನು ಬಿಡಿಸಿ ನೆಟ್ಟರೆ, ಒಂದು ಬೊಗಸೆ ಗೆಡ್ಡೆಯಿಂದ ತೋಟದ ಅಂಚೆಲ್ಲ ತುಂಬುವುದು.

ಮುಖ್ಯವಾಗಿ ಎಚ್ಚರಿಸಬೇಕಾದ ವಿಷಯವೊಂದಿದೆ. ಈ ಗೆಡ್ಡೆಯು ನೋಡುವುದಕ್ಕೆ ಸಣ್ಣ ಈರುಳ್ಳಿಯಂತಿರುತ್ತದೆ. ಆದರೆ ಅದರಲ್ಲಿ ಲೈಕೋರಿನ್ ಎಂಬ ವಿಷವಿದ್ದು, ತಿಂದವರಿಗೆ ವಾಂತಿ, ಭೇದಿ ಉಂಟಾಗುವುವು. ಟ್ಯೂಲಿಪ್ ಗೆಡ್ಡೆಯೂ ತಿನ್ನತಕ್ಕದ್ದಲ್ಲ. ಕಿತ್ತ ಗೆಡ್ಡೆಗಳನ್ನು ಅಡಿಗೆಯ ಮನೆಯಲ್ಲಿ ಇಡದೆ, ಹೆಸರು ಬರೆದ ಚೀಲದಲ್ಲಿ ಮಕ್ಕಳ ಕೈಗೆ ಸಿಗದಂತೆ ತೂಗುಹಾಕಬೇಕು. ದನಕರು ಮೇಯುವ ಬದುಗಳಲ್ಲಿ ಇದನ್ನು ನೆಡಲಾಗದು.

ಅಂದಕ್ಕಿಂತ ಆದಾಯವನ್ನು ಬಯಸುವ ಜಮೀನುದಾರರು ಸುಗಂಧರಾಜವನ್ನು ಯೋಚಿಸಬಹುದು. ಇದೂ ಮೆಕ್ಸಿಕೋದ ಗೆಡ್ಡೆಯೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶೃಂಗಾರ್ ಎಂಬ ಒಂಟಿಸುತ್ತಿನದು ಬಿಡಿಹೂವಿಗೂ ಮಾಲೆಗೂ, ಸುವಾಸಿನಿ ಎಂಬ ಸುತ್ತುದಳದ್ದು ದಂಟುಹೂವಿಗೂ ಒಪ್ಪುವುದು. ಗೆಡ್ಡೆ ಕೊಳ್ಳುವಾಗ ಯಾವ ತಳಿಯೆಂಬುದನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.