ಎಣಿಸಿ ಒಯ್ಯೋಣ, ಎಣಿಸಿ ತರೋಣ: ಗಾಳ, ಬಲೆಗಳ ಜೋಡಣೆ ಮತ್ತು ಜೋಪಾನ

ಕಳೆದ ವರ್ಷ ಒಂದು ಸೋಮವಾರ ನನ್ನ ತರಗತಿಯ ಹುಡುಗನೊಬ್ಬ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬಂದ. ಹಿಂದಿನ ದಿನ ಅಳಿವೆಯ ಮರಳಿನಲ್ಲಿ ಬರಿಗಾಲಿನಲ್ಲಿ ಓಡುವಾಗ ಗಾಳ ಚುಚ್ಚಿತ್ತು. ಯಾರೋ ಬಿಸುಟು ಹೋದ ಗಾಳವಿರಬೇಕೆಂದು ನಾನು ಊಹಿಸಿದೆ. ಅವನು ತಲೆ ತಗ್ಗಿಸಿ, “ನಮ್ಮದೇ ಗಾಳ, ಮಾಷ್ಟ್ರೇ. ಹಿಂದಿನ ವಾರ ಅಪ್ಪನ ಚೀಲದಿಂದ ಬಿದ್ದದ್ದು” ಎಂದ. ಕೆಲವೇ ರೂಪಾಯಿ ಬೆಲೆಯ ಒಂದು ಗಾಳಕ್ಕೆ ಆ ಮಗು ಒಂದು ವಾರದ ಪಾಠವನ್ನು ತೆತ್ತಿತು.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ಅನೇಕ ಮನೆಗಳಿಗೆ ಜೀವನಾಧಾರ. ಇನ್ನು ಹಲವರಿಗೆ ರಜಾದಿನದ ಹವ್ಯಾಸ. ಎರಡೂ ಕಡೆ ಸಲಕರಣೆಗಳು ಮಕ್ಕಳ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತವೆ. ಅವುಗಳನ್ನು ಒಪ್ಪವಾಗಿಡುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಅದು ಮಕ್ಕಳ ಸುರಕ್ಷತೆಗೂ ಮನೆಯ ಖರ್ಚಿಗೂ ಸಂಬಂಧಿಸಿದ ವಿಷಯ.

ದಡಕ್ಕೆ ಹೋಗುವಾಗ

ಹೊಳೆಬದಿಗೋ ಕಡಲ ತೀರಕ್ಕೋ ನಡೆದು ಹೋಗುವವರು ಮನೆಯಲ್ಲಿರುವ ಎಲ್ಲವನ್ನೂ ಹೊತ್ತೊಯ್ಯಬೇಕಾಗಿಲ್ಲ. ಹೆಗಲಿಗೆ ಹಾಕುವ ಒಂದು ಚೀಲ, ಅದರೊಳಗೆ ಮುಚ್ಚಳ ಗಟ್ಟಿಯಾಗಿರುವ ಒಂದು ಸಣ್ಣ ಡಬ್ಬಿ ಸಾಕು. ಡಬ್ಬಿಯಲ್ಲಿ ಏಳೆಂಟು ಗಾಳ, ನಾಲ್ಕಾರು ಸೀಸದ ಗುಂಡು, ಒಂದೆರಡು ಬೆಂಡು; ಚೀಲದಲ್ಲಿ ಒಂದು ಸುರುಳಿ ನೈಲಾನ್ ದಾರ, ಒರೆಯಲ್ಲಿಟ್ಟ ಚೂರಿ, ಇಕ್ಕಳ, ಟಾರ್ಚ್, ಕೈ ಒರೆಸುವ ಬಟ್ಟೆ. ಗಾಳಗಳನ್ನು ಬಿಡಿಯಾಗಿ ಹಾಕದೆ ಬಿರಡೆ ಅಥವಾ ಥರ್ಮೋಕೋಲಿನ ತುಂಡಿಗೆ ಸಾಲಾಗಿ ಚುಚ್ಚಿಡಬೇಕು. ಹೀಗೆ ಮಾಡಿದರೆ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಒಂದು ಕಡಿಮೆಯಾದರೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ನಿಯಮ ಒಂದೇ: ಹೊರಡುವಾಗ ಎಣಿಸಬೇಕು, ಮರಳುವಾಗಲೂ ಎಣಿಸಬೇಕು. ಕಲ್ಲಿಗೆ ಸಿಕ್ಕಿ ನೀರಿನಲ್ಲಿ ತುಂಡಾದದ್ದು ಎಷ್ಟೆಂದು ನೆನಪಿರುತ್ತದೆ. ಉಳಿದ ಲೆಕ್ಕ ತಪ್ಪಿದರೆ ಆ ಗಾಳ ಮರಳಿನಲ್ಲಿದೆ ಎಂದೇ ತಿಳಿದು ಹುಡುಕಬೇಕು. ಈ ಎಣಿಕೆಯನ್ನು ಮಕ್ಕಳಿಗೇ ವಹಿಸಿದರೆ ಅವರು ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ.

ಗಾಳದ ಕೋಲನ್ನು ಮರಳಿನ ಮೇಲೆ ಮಲಗಿಸಬಾರದು. ಮರಳಿನ ಕಣ ರೀಲಿನೊಳಗೆ ಸೇರಿದರೆ ಹಲ್ಲುಚಕ್ರಗಳು ಸವೆಯುತ್ತವೆ. ಎರಡಡಿ ಉದ್ದದ ಪಿವಿಸಿ ಕೊಳವೆಯ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಮರಳಿಗೆ ಊರಿದರೆ ಕೋಲು ನಿಲ್ಲಿಸಲು ಅನುಕೂಲವಾಗುತ್ತದೆ.

ಸಣ್ಣ ದೋಣಿಯಲ್ಲಿ

ದೋಣಿಯಲ್ಲಿ ಜಾಗ ಕಡಿಮೆ, ಅಲುಗಾಟ ಹೆಚ್ಚು. ಆದುದರಿಂದ ಕಾಲಿಡುವ ಜಾಗದಲ್ಲಿ ಏನೂ ಇರಬಾರದು. ಮುಚ್ಚಳವಿರುವ ಒಂದು ಬಕೆಟ್ಟಿನಲ್ಲಿ ಸಲಕರಣೆ, ಇನ್ನೊಂದರಲ್ಲಿ ಎರೆ ಎಂದು ಬೇರ್ಪಡಿಸಬೇಕು. ಭಾರದ ವಸ್ತುಗಳು ದೋಣಿಯ ನಡುವೆ, ತಳದಲ್ಲಿರಲಿ. ಕೈಯಿಂದ ಬಿಡುವ ದಾರಗಳನ್ನು ಒಂದೊಂದಕ್ಕೂ ಪ್ರತ್ಯೇಕ ಹಲಗೆ ಅಥವಾ ಪ್ಲಾಸ್ಟಿಕ್ ಬಾಟಲಿಗೆ ಸುತ್ತಿ, ಗಾಳದ ಮೊನೆಯನ್ನು ಅದರಲ್ಲೇ ಇರುವ ಬಿರಡೆಗೆ ಚುಚ್ಚಬೇಕು. ದಾರ ಕಾಲಿಗೆ ಸುತ್ತಿಕೊಂಡು ಆಯ ತಪ್ಪುವ ಅಪಾಯ ಇದರಿಂದ ತಪ್ಪುತ್ತದೆ. ಚೂರಿಗೆ ನಿಶ್ಚಿತ ಸ್ಥಳವಿರಲಿ. ಕತ್ತಲಲ್ಲೂ ಕೈ ಅಲ್ಲಿಗೇ ಹೋಗಬೇಕು. ಜೀವರಕ್ಷಕ ಜಾಕೆಟ್ ಬಲೆಯ ರಾಶಿಯ ಅಡಿಯಲ್ಲಿದ್ದರೆ ಇದ್ದೂ ಇಲ್ಲದಂತೆಯೇ. ಅದು ಮೈಮೇಲಿರಬೇಕು.

ಮನೆಗೆ ಮರಳಿದ ಮೇಲೆ

ಸಲಕರಣೆಗಳ ಶತ್ರುಗಳು ಮೂರು: ಉಪ್ಪು, ತೇವ, ಬಿಸಿಲು.

ಕಡಲ ನೀರು ಒಣಗಿದರೂ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವವನ್ನು ಹೀರಿ ಲೋಹವನ್ನು ತುಕ್ಕು ಹಿಡಿಸುತ್ತದೆ. ಅಂದೇ ಸಿಹಿನೀರಿನಲ್ಲಿ ತೊಳೆಯಬೇಕು. ರೀಲನ್ನು ಮಾತ್ರ ಜೋರಾದ ಪೈಪಿನ ನೀರಿಗೆ ಒಡ್ಡಬಾರದು. ಒತ್ತಡಕ್ಕೆ ಉಪ್ಪು ಒಳಗಡೆಗೆ ನುಗ್ಗುತ್ತದೆ. ಮೆಲ್ಲನೆ ನೀರು ಹರಿಸಿ, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಒಂದೆರಡು ಹನಿ ಎಣ್ಣೆ ಬಿಡಬೇಕು. ದಾರದ ಬಿಗಿತವನ್ನು ಸಡಿಲಿಸಿ ಇಟ್ಟರೆ ಒಳಗಿನ ಬಿಲ್ಲೆಗಳು ಚಪ್ಪಟೆಯಾಗುವುದಿಲ್ಲ.

ಬಳಸಿದ ಗಾಳವನ್ನು ಹೊಸ ಗಾಳಗಳ ಡಬ್ಬಿಗೆ ಒದ್ದೆಯಾಗಿ ಹಾಕಿದರೆ ಡಬ್ಬಿಯ ಎಲ್ಲ ಗಾಳಗಳಿಗೂ ತುಕ್ಕು ಹರಡುತ್ತದೆ. ಅವನ್ನು ಬೇರೆ ಡಬ್ಬಿಯಲ್ಲಿಟ್ಟು, ತೊಳೆದು ಒಣಗಿಸಿದ ಬಳಿಕವೇ ಸೇರಿಸಬೇಕು. ಪಾದರಕ್ಷೆಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಡಬ್ಬಿಯೊಳಗಿಟ್ಟರೆ ತೇವ ಕಡಿಮೆಯಾಗುತ್ತದೆ. ಮೆತ್ತನೆಯ ಕೃತಕ ಎರೆಗಳನ್ನು ಅವು ಬಂದ ಲಕೋಟೆಯಲ್ಲೇ ಇಡುವುದು ಲೇಸು. ಕೆಲವು ಬಗೆಯ ಪ್ಲಾಸ್ಟಿಕ್ ಡಬ್ಬಿಗಳಿಗೆ ತಗುಲಿದರೆ ಅವು ಕರಗಿ ಅಂಟುತ್ತವೆ.

ಹತ್ತಿನೂಲಿನ ಬಲೆಗಳಿದ್ದ ಕಾಲದಲ್ಲಿ ಅವು ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ನೈಲಾನಿಗೆ ಕೊಳೆಯುವ ಭಯವಿಲ್ಲ, ಬಿಸಿಲಿನ ಭಯವಿದೆ: ಸೂರ್ಯನ ಅತಿನೇರಳೆ ಕಿರಣಗಳು ಅದರ ಬಲವನ್ನು ಕುಂದಿಸುತ್ತವೆ. ಬೀಸುಬಲೆಯನ್ನು ತೊಳೆದು, ನೆರಳಿನಲ್ಲಿ ಮೇಲಿನ ತುದಿಯಿಂದ ತೂಗುಹಾಕಬೇಕು. ಮೀನಿನ ವಾಸನೆ ಉಳಿದರೆ ಇಲಿಗಳು ಕಡಿಯುತ್ತವೆ.

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ. ಸಾಂಪ್ರದಾಯಿಕ ದೋಣಿಗಳಿಗೆ ಅದು ಅನ್ವಯಿಸದಿದ್ದರೂ, ಕಡಲು ಪ್ರಕ್ಷುಬ್ಧವಾದಾಗ ಸಣ್ಣ ದೋಣಿಗಳೂ ದಡ ಸೇರುತ್ತವೆ. ಆ ದಿನಗಳೇ ಡಬ್ಬಿಗಳನ್ನೆಲ್ಲ ಬರಿದು ಮಾಡಿ, ತುಕ್ಕು ಹಿಡಿದದ್ದನ್ನು ತೆಗೆದು, ಹರಿದ ಕಣ್ಣುಗಳನ್ನು ಹೆಣೆದು, ಎಲ್ಲವನ್ನೂ ಮತ್ತೆ ಜೋಡಿಸಲು ತಕ್ಕ ಕಾಲ.

ರಕ್ಷಕರು ಮರೆಯಬಾರದ ಮೂರು ಮಾತುಗಳು

ಸೀಸವು ವಿಷ, ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಕುಂದು ತರುತ್ತದೆ. ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಸುವ ರೂಢಿ ಬಿಡಬೇಕು, ಇಕ್ಕಳ ಬಳಸಬೇಕು. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪಿನಿಂದ ತೊಳೆಯಬೇಕು. ಮನೆಯಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವುದು ಬೇಡವೇ ಬೇಡ.

ಗಾಳದ ಮೊನೆಯ ಬಳಿ ಹಿಮ್ಮುಖವಾದ ಮುಳ್ಳಿರುತ್ತದೆ. ಆಳವಾಗಿ ನಾಟಿದ ಗಾಳವನ್ನು ಎಳೆದರೆ ಮಾಂಸ ಹರಿಯುತ್ತದೆ. ದಾರ ಕತ್ತರಿಸಿ, ಗಾಳ ಅಲುಗದಂತೆ ಬಟ್ಟೆ ಕಟ್ಟಿ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿನ ಬಳಿಯಾದರೆ ಮುಟ್ಟಲೇಬಾರದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಹಳೆಯ ದಾರವನ್ನು ನೀರಿಗೋ ಮರಳಿಗೋ ಎಸೆಯಬಾರದು. ಅದು ಬೆಳ್ಳಕ್ಕಿಯ ಕಾಲಿಗೆ, ಕಡಲಾಮೆಯ ಕೊರಳಿಗೆ ಉರುಳಾಗುತ್ತದೆ. ನಮ್ಮ ಜಿಲ್ಲೆಯ ನೀಲೇಶ್ವರದ ತೀರಕ್ಕೆ ಇಂದಿಗೂ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ದಾರವನ್ನು ಚಿಕ್ಕದಾಗಿ ಕತ್ತರಿಸಿ ಮನೆಯ ಪ್ಲಾಸ್ಟಿಕ್ ಕಸದೊಡನೆ ಕೊಡಬೇಕು.

ಕೊನೆಗೊಂದು ಸಲಹೆ. ಡಬ್ಬಿಗಳ ಮೇಲೆ ಹೆಸರು ಬರೆಯುವ ಕೆಲಸವನ್ನು ಮಗುವಿಗೆ ಕೊಡಿ. ಮನೆಯ ತುಳುವಿನಲ್ಲಿ ‘ಓಡ’, ನೆರೆಯ ಮಲಯಾಳದಲ್ಲಿ ‘ತೋಣಿ’ ಎಂದು ಕೇಳಿ ಬೆಳೆದ ಮಗು ‘ದೋಣಿಯ ಡಬ್ಬಿ’, ‘ದಡದ ಡಬ್ಬಿ’, ‘ತೊಳೆಯಬೇಕಾದ ಗಾಳ’ ಎಂದು ಕನ್ನಡದಲ್ಲಿ ಬರೆಯಲಿ. ಹೆಸರಿದ್ದ ಡಬ್ಬಿಗೆ ವಸ್ತು ತಪ್ಪದೆ ಮರಳುತ್ತದೆ. ಹಿಮ್ಮಡಿಗೆ ಗಾಳ ಚುಚ್ಚಿಸಿಕೊಂಡಿದ್ದ ಆ ಹುಡುಗನೇ ಈಗ ತನ್ನ ಮನೆಯ ಗಾಳಗಳ ಲೆಕ್ಕಿಗ. ಆ ಬಳಿಕ ಒಂದೂ ಕಳೆದಿಲ್ಲವೆಂದು ಹೆಮ್ಮೆಯಿಂದ ಹೇಳುತ್ತಾನೆ.