ಶ್ವಾಸಕೋಶದ ಕ್ಯಾನ್ಸರ್ ಮತ್ತು ಮನೆಯಲ್ಲಿಯೇ ಮೂತ್ರ ಪರೀಕ್ಷೆ: ಪಂಚಾಯಿತಿ ಸದಸ್ಯರ ಅವಗಾಹನೆಗೆ



ಮನೆಯಲ್ಲಿಯೇ ಮೂತ್ರವನ್ನು ಪರೀಕ್ಷಿಸಿ ಶ್ವಾಸಕೋಶದ ಕ್ಯಾನ್ಸರನ್ನು ಆರಂಭದ ಹಂತದಲ್ಲಿ ಪತ್ತೆಹಚ್ಚಬಹುದೆಂಬ ಸುದ್ದಿಯನ್ನು ತಮ್ಮಲ್ಲಿ ಕೆಲವರು ಓದಿರಬಹುದು. ಗ್ರಾಮಸ್ಥರು ಈ ಕುರಿತು ಪ್ರಶ್ನಿಸಿದಲ್ಲಿ ಸರಿಯಾದ ಉತ್ತರ ನೀಡಲು ಅನುಕೂಲವಾಗುವಂತೆ ಈ ವಿವರಣೆಯನ್ನು ನೀಡಲಾಗಿದೆ.

ಸುದ್ದಿಗೆ ಆಧಾರವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಭಾರತೀಯ ಮೂಲದ ವಿಜ್ಞಾನಿ ಸಂಗೀತಾ ಭಾಟಿಯಾ ಅವರ ತಂಡವು 2024ರ ಜನವರಿಯಲ್ಲಿ ಇಂತಹ ಒಂದು ವಿಧಾನವನ್ನು ಪ್ರಕಟಿಸಿತು. ಇದರಲ್ಲಿ ಮೊದಲು ನೆಬ್ಯುಲೈಸರ್ ಅಥವಾ ಇನ್‌ಹೇಲರ್ ಮೂಲಕ ಅತಿ ಸೂಕ್ಷ್ಮ ಕಣಗಳನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳಬೇಕು. ಶ್ವಾಸಕೋಶದಲ್ಲಿ ಗಡ್ಡೆಯಿದ್ದರೆ, ಅಲ್ಲಿ ಹೆಚ್ಚಾಗಿ ಕೆಲಸ ಮಾಡುವ ಕಿಣ್ವಗಳು ಆ ಕಣಗಳಿಗೆ ಅಂಟಿಸಿರುವ ಡಿ.ಎನ್.ಎ. ತುಣುಕುಗಳನ್ನು ಕತ್ತರಿಸುತ್ತವೆ. ತುಣುಕುಗಳು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬರುತ್ತವೆ. ಆಶಾ ಕಾರ್ಯಕರ್ತೆಯರ ಬಳಿಯಿರುವ ಗರ್ಭಧಾರಣೆ ಪರೀಕ್ಷೆಯ ಪಟ್ಟಿಯನ್ನೇ ಹೋಲುವ ಕಾಗದದ ಪಟ್ಟಿಯ ಮೇಲೆ ಸುಮಾರು 20 ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಆದರೆ ಅಂದು ಪ್ರಕಟವಾದ ಫಲಿತಾಂಶವು ಇಲಿಗಳ ಮೇಲೆ ನಡೆಸಿದ ಪ್ರಯೋಗದ್ದು. ಆದುದರಿಂದ ಬರಿಯ ಮೂತ್ರವನ್ನು ಪಟ್ಟಿಗೆ ಹಾಕಿ ಶ್ವಾಸಕೋಶದ ಕ್ಯಾನ್ಸರ್ ಹೇಳುತ್ತೇವೆಂದು ಯಾರಾದರೂ ಶಿಬಿರ ನಡೆಸಲು ಬಂದಲ್ಲಿ ಅನುಮತಿ ನೀಡದೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು. ಸಕ್ಕರೆ ಕಾಯಿಲೆಗಾಗಿ ಮಾಡುವ ಮೂತ್ರ ಪರೀಕ್ಷೆಯೂ ಶ್ವಾಸಕೋಶದ ವಿಚಾರವಾಗಿ ಏನನ್ನೂ ತಿಳಿಸುವುದಿಲ್ಲ.

ವಿಜ್ಞಾನಿಗಳು ಇಂತಹ ಪರೀಕ್ಷೆಯನ್ನು ಅರಸುತ್ತಿರುವುದಕ್ಕೆ ಕಾರಣವು ನಮ್ಮ ಗ್ರಾಮಗಳಿಗೂ ಅನ್ವಯಿಸುತ್ತದೆ. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಮಂದಿ, ಬಹಳ ಕಾಲ ಧೂಮಪಾನ ಮಾಡಿದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಎಕ್ಸ್‌-ರೇ ಮಾಡಿಸಿಕೊಂಡವರಿಗಿಂತ ಶೇ. 20ರಷ್ಟು ಕಡಿಮೆಯಿತ್ತು. ಆದರೆ ಸಿ.ಟಿ. ಯಂತ್ರ ಹಳ್ಳಿಗೆ ಬರುವುದಿಲ್ಲ. ಕೂಲಿ ಬಿಟ್ಟು, ಬಸ್ ಹಿಡಿದು ಜನರೇ ಅಲ್ಲಿಗೆ ಹೋಗಬೇಕು. ಸರ್ಕಾರದ ವತಿಯಿಂದ 30 ವರ್ಷ ಮೇಲ್ಪಟ್ಟವರಿಗೆ ನಡೆಯುವ ತಪಾಸಣೆಯಲ್ಲಿ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ಸೇರಿವೆ; ಶ್ವಾಸಕೋಶದ್ದು ಸೇರಿಲ್ಲ.

ಹೀಗಿರುವಾಗ ಪಂಚಾಯಿತಿಯ ಕೈಯಲ್ಲಿ ಈಗಾಗಲೇ ಇರುವ ಸಾಧನವೆಂದರೆ ಕ್ಷಯರೋಗದ ಕಫ ಪರೀಕ್ಷೆ. ಕ್ಷಯಮುಕ್ತ ಪಂಚಾಯಿತಿ ಎನಿಸಿಕೊಳ್ಳಲು ವರ್ಷಕ್ಕೆ ಪ್ರತಿ 1,000 ಜನಸಂಖ್ಯೆಗೆ ಕನಿಷ್ಠ 30 ಶಂಕಿತರನ್ನು ಪರೀಕ್ಷಿಸಬೇಕೆಂಬ ಮಾನದಂಡ ತಮಗೆ ತಿಳಿದಿದೆ. ಕಫದಲ್ಲಿ ಕ್ಷಯ ಕಂಡುಬರಲಿಲ್ಲವೆಂದರೆ ಸಾಮಾನ್ಯವಾಗಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಹೆಸರು ಅಲ್ಲಿಗೇ ಮುಗಿಯುತ್ತದೆ. ಆದರೆ ಅವರ ಕೆಮ್ಮು ನಿಂತಿತೇ? ಕ್ಷಯ ಹಾಗೂ ಶ್ವಾಸಕೋಶದ ಕ್ಯಾನ್ಸರಿನ ಲಕ್ಷಣಗಳು ಬಹುಪಾಲು ಒಂದೇ: ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಕೆ, ಎದೆನೋವು. ಎಕ್ಸ್‌-ರೇ ನೆರಳನ್ನೇ ನಂಬಿ ಕ್ಷಯದ ಮಾತ್ರೆ ಆರಂಭಿಸಿ, ತಿಂಗಳುಗಳ ನಂತರ ಕ್ಯಾನ್ಸರ್ ಎಂದು ತಿಳಿಯುವ ಪ್ರಸಂಗಗಳು ನಮ್ಮ ದೇಶದಲ್ಲಿ ಅಪರೂಪವಲ್ಲ. ಕಳೆದುಹೋದ ಆ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯ ಅವಕಾಶವೇ ಕೈತಪ್ಪಬಹುದು.

ಆದಕಾರಣ ಕಫ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ಬಂದೂ ಕೆಮ್ಮು ಮುಂದುವರಿದವರನ್ನು, ಹಾಗೆಯೇ ಕ್ಷಯದ ಔಷಧ ಸೇವಿಸಿಯೂ ಗುಣ ಕಾಣದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಗುರುತಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ವಿಷಯವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಬೇಕು. ಬೀಡಿ ಸೇದುವವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಸಾಲದು. ಸೌದೆ ಒಲೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಎಂದೂ ಬೀಡಿ ಮುಟ್ಟದ ತಾಯಂದಿರ ಕೆಮ್ಮನ್ನು ಒಲೆಯ ಕೆಮ್ಮೆಂದು ತಳ್ಳಿಹಾಕುವುದು ಸಲ್ಲದು.

ಕ್ಯಾನ್ಸರ್ ದೃಢಪಟ್ಟಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯವಾಗಬಹುದಾದ್ದರಿಂದ, ನೇರವಾಗಿ ಖಾಸಗಿ ಆಸ್ಪತ್ರೆಗೆ ಹೊರಡುವ ಮುನ್ನ ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಪಡಿತರ ಚೀಟಿ ಹಾಗೂ ಆಧಾರ್‌ನೊಂದಿಗೆ ಭೇಟಿಯಾಗುವಂತೆ ಕುಟುಂಬದವರಿಗೆ ತಿಳಿಸುವುದು.